ಮಧ್ಯ ಏಷ್ಯಾದಲ್ಲಿ ಕೊನೆಗೆ ಗೆಲ್ಲೋದು ಯಾರು: ರಷ್ಯಾನಾ, ಚೀನಾನಾ, ಅಮೆರಿಕಾನಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಯಾರು ಗೆಲ್ಲುತ್ತಾರೆ ಅನ್ನೋದರ ಮೇಲೆ ಪಿಎಚ್‌ಡಿ ಮಾಡಬೇಕು, ರಷ್ಯನ್ ಕಲಿಯಲಾ ಚೈನೀಸ್ ಕಲಿಯಲಾ ಅಂತ ಕೇಳಿದ್ದೀರಿ. 2009ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡುತ್ತಿದ್ದೆ. ವ್ಯತ್ಯಾಸ ಒಂದೇ. ನನ್ನ ಹತ್ತಿರ ಉತ್ತರವೂ ಇತ್ತು. ಅದೇ ನನ್ನನ್ನು ಮುಳುಗಿಸಿತು.

ಆ ವರ್ಷ ಫೆಬ್ರವರಿ 3ರಂದು ಕಿರ್ಗಿಸ್ತಾನದ ಆಗಿನ ಅಧ್ಯಕ್ಷ ಕುರ್ಮಾನ್‌ಬೆಕ್ ಬಕಿಯೆವ್ ಮಾಸ್ಕೋದಲ್ಲಿ ನಿಂತು, ನಮ್ಮ ಮನಾಸ್‌ನಲ್ಲಿರುವ ಅಮೆರಿಕದ ವಾಯುನೆಲೆ ಮುಚ್ಚುತ್ತೇವೆ ಅಂದರು. ಮನಾಸ್ ಅಂದರೆ ರಾಜಧಾನಿ ಬಿಷ್ಕೆಕ್‌ನ ವಿಮಾನ ನಿಲ್ದಾಣ. ಅಫ್ಘಾನಿಸ್ತಾನದ ಯುದ್ಧಕ್ಕೆ ಅಂತ 2001ರ ಡಿಸೆಂಬರ್‌ನಲ್ಲಿ ಅಮೆರಿಕ ಅಲ್ಲಿ ಬಂದು ಕೂತಿತ್ತು. ಬಕಿಯೆವ್ ಹೀಗೆ ಹೇಳಿದ ದಿನವೇ ರಷ್ಯಾ 200 ಕೋಟಿ ಡಾಲರ್ ಸಾಲ, 15 ಕೋಟಿ ಡಾಲರ್ ಅನುದಾನ ಕೊಡುವುದಾಗಿ ಹೇಳಿತು. ಸಾಲದಲ್ಲಿ 170 ಕೋಟಿ ಕಂಬರಾತಾ-1 ಅನ್ನೋ ಜಲವಿದ್ಯುತ್ ಯೋಜನೆಗೆ. ಫೆಬ್ರವರಿ 19ಕ್ಕೆ ಸಂಸತ್ತಿನಲ್ಲಿ ಮತ ಬಿತ್ತು: ಮುಚ್ಚಿ ಅಂದವರು 78, ಬೇಡ ಅಂದವರು ಒಬ್ಬರು. ಅಮೆರಿಕಕ್ಕೆ 180 ದಿನದ ನೋಟಿಸು ಹೋಯಿತು.

ಎಂ.ಎ. ಕೊನೆಯ ವರ್ಷದ ಹುಡುಗನಿಗೆ ಇನ್ನೇನು ಬೇಕು? ನಲವತ್ತು ಪುಟದ ಪ್ರಪೋಸಲ್ ಬರೆದೆ. ಅಮೆರಿಕ ಸೋತಿತು, ರಷ್ಯಾ ವಾಪಸ್ ಬಂತು, ಇನ್ನು ಮುಂದೆ ಹೀಗೇ ಅನ್ನೋದು ಅದರ ತಿರುಳು. ಮೊದಲ ಪುಟದ ನೆತ್ತಿಯ ಮೇಲೆ 'ಕೋಣಗಳೆರಡು ಹೋರೆ ಗಿಡುವಿಗೆ ಮಿತ್ತು' ಅನ್ನೋ ಗಾದೆ ಕೂರಿಸಿದ್ದೆ. ಎರಡು ಕೋಣ ಗುದ್ದಾಡಿದರೆ ಸಾಯೋದು ನಡುವಿನ ಗಿಡ ಅಂತ. ಬಹಳ ಬುದ್ಧಿವಂತಿಕೆ ಅನ್ನಿಸಿತ್ತು. ಒಂದು ಸಂಶೋಧನಾ ಸಂಸ್ಥೆಯ ಮೂರು ವರ್ಷದ ಫೆಲೋಶಿಪ್‌ಗೆ ಏಪ್ರಿಲ್‌ನಲ್ಲಿ ಕಳಿಸಿದೆ.

ಜೂನ್‌ನಲ್ಲಿ ಬಕಿಯೆವ್ ಸರ್ಕಾರ ಅಮೆರಿಕದ ಜೊತೆ ಹೊಸ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 1.74 ಕೋಟಿ ಡಾಲರ್ ಇದ್ದ ಬಾಡಿಗೆ 6 ಕೋಟಿ ಆಯಿತು. 'ವಾಯುನೆಲೆ' ಅನ್ನೋ ಹೆಸರು ತೆಗೆದು 'ಟ್ರಾನ್ಸಿಟ್ ಸೆಂಟರ್' ಅಂತ ಇಟ್ಟರು. ಬೋರ್ಡು ಬದಲಾಯಿತು, ವಿಮಾನಗಳು ಅಲ್ಲೇ ಉಳಿದವು. ಅಷ್ಟರಲ್ಲಿ ರಷ್ಯಾದ 15 ಕೋಟಿ ಅನುದಾನವೂ ಸಾಲದ ಮೊದಲ 30 ಕೋಟಿಯೂ ಕಿರ್ಗಿಸ್ತಾನದ ಕೈ ಸೇರಿದ್ದವು. ಉಳಿದ 170 ಕೋಟಿ ಬರಲೇ ಇಲ್ಲ.

ನನ್ನ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ನನಗೆ ಮಾಹಿತಿ ಕಡಿಮೆ ಇತ್ತು ಅಂತ ಅಲ್ಲ. ಜಾಸ್ತಿನೇ ಇತ್ತು. ಆದರೆ ಘೋಷಣೆಯನ್ನೇ ಘಟನೆ ಅಂದುಕೊಂಡೆ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿದೆ. 180 ದಿನದ ನೋಟಿಸನ್ನು ಹೊರಗೆ ಹಾಕುವ ದಿನಾಂಕ ಅಂತ ಓದಿದೆ. ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು, ಓನರ್ 'ಖಾಲಿ ಮಾಡಿ' ಅಂದರೆ ಎರಡು ಅರ್ಥ. ಒಂದು, ಖಾಲಿ ಮಾಡಿ. ಇನ್ನೊಂದು, ಬಾಡಿಗೆ ಜಾಸ್ತಿ ಕೊಡಿ. ಆಗ ನಾನೇ ಬಾಡಿಗೆ ರೂಮಿನಲ್ಲಿ ಕೂತು ಬರೆಯುತ್ತಿದ್ದೆ, ಆದರೂ ಹೊಳೆಯಲಿಲ್ಲ. ನೋಟಿಸು ಅಷ್ಟು ಉದ್ದ ಇದ್ದಿದ್ದೇ ಚೌಕಾಸಿಗೆ ಸಮಯ ಕೊಟ್ಟಿತು.

ನನ್ನ ಹತ್ತಿರ ಒಂದು ಪೂರ್ವ ನಿದರ್ಶನವೂ ಇತ್ತು, ಅದು ಇನ್ನೂ ದಾರಿ ತಪ್ಪಿಸಿತು. 2005ರಲ್ಲಿ ಉಜ್ಬೇಕಿಸ್ತಾನ ತನ್ನ ಕರ್ಶಿ-ಖಾನಾಬಾದ್ ನೆಲೆಯಿಂದ ಅಮೆರಿಕವನ್ನು ಹೋಗಿ ಅಂದಿತ್ತು. ಆ ವರ್ಷ ನವೆಂಬರ್‌ಗೆ ಅಮೆರಿಕದವರು ನಿಜವಾಗಿಯೂ ಹೋದರು. ಹಾಗಾಗಿ ಇಲ್ಲೂ ಅದೇ ಆಗುತ್ತೆ ಅಂತ ಬರೆದೆ. ಆದರೆ ಅಲ್ಲಿ ಆಗಿದ್ದೇ ಬೇರೆ. ಮೇ ತಿಂಗಳಲ್ಲಿ ಅಂದಿಜಾನ್‌ನಲ್ಲಿ ಜನರ ಮೇಲೆ ಗುಂಡು ಹಾರಿಸಿದ್ದನ್ನು ಅಮೆರಿಕ ಟೀಕಿಸಿತು ಅಂತ ಉಜ್ಬೇಕ್ ಅಧ್ಯಕ್ಷ ಕರಿಮೊವ್‌ಗೆ ಸಿಟ್ಟು, ಕುರ್ಚಿಯ ಭಯ ಬೇರೆ. ಬಕಿಯೆವ್‌ಗೆ ಬೇಕಿದ್ದಿದ್ದು ದುಡ್ಡು. ಸಿಟ್ಟಿಗೆ ರೇಟು ಇಲ್ಲ, ದುಡ್ಡಿಗೆ ಇದೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

ಸರಿ, ಜುಲೈನಲ್ಲಿ ಇಂಟರ್‌ವ್ಯೂ. ಹೊಸ ಒಪ್ಪಂದದ ಸುದ್ದಿ ನಾನೂ ಓದಿದ್ದೆ. ಪ್ರಪೋಸಲ್ ಹರಿದು ಹಾಕಬೇಕಿತ್ತು. ಅದು ಬಿಟ್ಟು, 'ಇದು ತಾತ್ಕಾಲಿಕ ಹಿನ್ನಡೆ' ಅಂತ ಒಂದು ಪ್ಯಾರಾ ತೇಪೆ ಹಾಕಿಕೊಂಡು ಹೋದೆ. ನಾಲ್ಕು ಜನ ಕೂತಿದ್ದರು. ಮೂವರು ಪೈಪ್‌ಲೈನ್, ಶಾಂಘೈ ಸಹಕಾರ ಸಂಘಟನೆ ಅಂತ ಏನೇನೋ ಕೇಳಿದರು, ಎಲ್ಲಕ್ಕೂ ಪಟಪಟ ಹೇಳಿದೆ. ಮೂಲೆಯಲ್ಲಿದ್ದ ಹಿರಿಯರೊಬ್ಬರು ಅಲ್ಲಿಯವರೆಗೂ ಸುಮ್ನೆ ಪುಟ ತಿರುಗಿಸುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಇದರಲ್ಲಿ ಕಿರ್ಗಿಸ್ತಾನ ಏನಾದರೂ ಮಾಡುತ್ತಾ?"

ನಾನು ಅದು ಸಣ್ಣ ದೇಶ, ಒತ್ತಡ ಇದೆ, ಸಮುದ್ರ ಇಲ್ಲ ಅಂತ ತೊದಲಿದೆ. ಅವರು ಫೈಲು ಮುಚ್ಚಿದರು.

ಆ ರಾತ್ರಿ ಹಳೇ ನೋಟ್ಸ್ ತೆಗೆದೆ. ನಾನು ಮೊದಲು ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಳ್ಳುವವನು. ಪುಟ ಪುಟ ನೋಡಿದರೆ: ಕಿರ್ಗಿಸ್ತಾನವನ್ನು ರಷ್ಯಾ ಸೆಳೆಯಿತು. ಕಜಕಸ್ತಾನವನ್ನು ಚೀನಾ ಒಲಿಸಿಕೊಂಡಿತು. ಉಜ್ಬೇಕಿಸ್ತಾನವನ್ನು ಅಮೆರಿಕ ಕಳೆದುಕೊಂಡಿತು. ಅನ್ನು, ಅನ್ನು, ಅನ್ನು. ಐದು ದೇಶಗಳು, ನಲವತ್ತು ಪುಟಗಳು, ಎಲ್ಲಾ ದ್ವಿತೀಯಾ ವಿಭಕ್ತಿ! ಒಂದು ವಾಕ್ಯದಲ್ಲಾದರೂ ಆ ದೇಶ ಕರ್ತೃ ಆಗಿರಲಿಲ್ಲ. ಆ ಗಾದೆಯೂ ತಿರುಗುಮುರುಗು. ಆ ವರ್ಷ ಗಿಡವೇ ಎರಡೂ ಕೋಣಗಳಿಂದ ಬಾಡಿಗೆ ವಸೂಲಿ ಮಾಡಿತ್ತು.

ಫೆಲೋಶಿಪ್ ಹೋಯಿತು. ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟಿದ್ದೆ. ಅನುವಾದದ ಕೆಲಸಕ್ಕೆ ಸೇರಿದೆ, ಈಗಲೂ ಅದೇ ಮಾಡುತ್ತಿದ್ದೇನೆ.

ಗಿಡ ಬಹಳ ಜಾಣ ಅಂತ ನೀವೂ ಕುಣಿಯಬೇಡಿ. 2010ರ ಏಪ್ರಿಲ್ 1ರಿಂದ ರಷ್ಯಾ ಕಿರ್ಗಿಸ್ತಾನಕ್ಕೆ ಹೋಗುವ ಪೆಟ್ರೋಲ್-ಡೀಸೆಲ್ ಮೇಲೆ ಸುಂಕ ಹಾಕಿತು. ಆ ಚಳಿಗಾಲದಲ್ಲೇ ಬಕಿಯೆವ್ ಸರ್ಕಾರ ಕರೆಂಟಿನ ದರ ಏರಿಸಿತ್ತು, ಜನ ಮೊದಲೇ ಕುದಿಯುತ್ತಿದ್ದರು. ಏಪ್ರಿಲ್ 7ಕ್ಕೆ ಬಿಷ್ಕೆಕ್‌ನಲ್ಲಿ ದಂಗೆ, ಹತ್ತಾರು ಸಾವು. ಬಕಿಯೆವ್ ಓಡಿಹೋಗಿ ಬೆಲಾರುಸ್ ಸೇರಿದರು. ಎರಡೂ ಕಡೆಯಿಂದ ದುಡ್ಡು ಎಣಿಸಿದವರು ಒಂದು ವರ್ಷವೂ ಬಾಳಲಿಲ್ಲ.

2012ರ ಶರತ್ಕಾಲದಲ್ಲಿ ಉಳಿಸಿದ ದುಡ್ಡಿನಲ್ಲಿ ಮೂರು ವಾರ ಬಿಷ್ಕೆಕ್‌ಗೆ ಹೋದೆ. ಯಾಕೆ ಅಂತ ಕೇಳಿದರೆ ಹೇಳೋಕೆ ಬರಲ್ಲ, ಹಠ ಅಂದುಕೊಳ್ಳಿ. ವಿಮಾನ ಇಳಿಯುತ್ತಿದ್ದಂತೆ ಕಿಟಕಿಯಾಚೆ ಬೂದು ಬಣ್ಣದ ದಪ್ಪ ಟ್ಯಾಂಕರ್ ವಿಮಾನಗಳು ಸಾಲಾಗಿ ನಿಂತಿದ್ದವು. ಹೊರಟುಹೋದವು ಅಂತ ನಾನು ನಲವತ್ತು ಪುಟ ಬರೆದ ವಿಮಾನಗಳು! ಊರಿನ ಇನ್ನೊಂದು ಪಕ್ಕ ಕಾಂತ್‌ನಲ್ಲಿ 2003ರಿಂದ ರಷ್ಯಾದ ನೆಲೆ. ಟ್ಯಾಕ್ಸಿಯವನು ಎರಡನ್ನೂ ಬಸ್ ಸ್ಟಾಂಡ್ ತೋರಿಸುವ ಹಾಗೆ ಕೈ ಮಾಡಿ ತೋರಿಸಿದ. ಅಲಾ-ತೂ ಚೌಕದಲ್ಲಿದ್ದ ಲೆನಿನ್ ಪ್ರತಿಮೆಯನ್ನು 2003ರಲ್ಲಿ ಎತ್ತಿ ಮ್ಯೂಸಿಯಮ್ಮಿನ ಹಿಂದೆ ನಿಲ್ಲಿಸಿದ್ದಾರೆ. ಒಡೆಯಲಿಲ್ಲ, ಬಿಸಾಕಲಿಲ್ಲ, ಸುಮ್ನೆ ಹಿತ್ತಲಿಗೆ ಕಳಿಸಿದರು. ಆ ದೇಶದ ವಿದೇಶಾಂಗ ನೀತಿಯ ಬಗ್ಗೆ ನಾನು ಓದಿದ ಎಷ್ಟೋ ಪೇಪರ್‌ಗಿಂತ ಆ ಪ್ರತಿಮೆ ಜಾಸ್ತಿ ಹೇಳಿತು.

ದೊರ್ದೋಯ್ ಬಜಾರ್‌ಗೆ ನಾಲ್ಕು ದಿನ ಹೋದೆ. ಹಡಗಿನ ಕಂಟೇನರ್‌ಗಳನ್ನು ಒಂದರ ಮೇಲೆ ಒಂದು ಇಟ್ಟ ಊರು ಅದು. ಕೆಳಗಿನದು ಅಂಗಡಿ, ಮೇಲಿನದು ಗೋಡೌನ್. ಸಮುದ್ರವೇ ಇಲ್ಲದ ದೇಶದಲ್ಲಿ ಸಾವಿರಾರು ಹಡಗಿನ ಡಬ್ಬಗಳು. ಜಾಕೆಟ್ ಮಾರುವ ಒಬ್ಬ ಹೆಂಗಸಿನ ಅಂಗಡಿಯ ಮುಂದೆ ಮೂಟೆ ಮೇಲೆ ಕೂತಿದ್ದೆ. ಮಾಲು ಚೀನಾದ್ದು, ಗಿರಾಕಿಗಳು ಕಜಕಸ್ತಾನ, ರಷ್ಯಾ ಕಡೆಯವರು. ಅವರಿಗೆ ರೇಟು ಹೇಳೋದು ರಷ್ಯನ್‌ನಲ್ಲಿ, ತಂಗಿಯ ಜೊತೆ ನೋಟು ಎಣಿಸೋದು ಕಿರ್ಗಿಜ್‌ನಲ್ಲಿ: ಬಿರ್, ಎಕಿ, ಉಚ್. ಚೀನಾ ಬೇಕಾ ರಷ್ಯಾ ಬೇಕಾ ಅಂತ ನನ್ನ ಹರಕು ರಷ್ಯನ್‌ನಲ್ಲಿ ಕೇಳಿದೆ. ಮುಖ ನೋಡಿದಳು. ರಷ್ಯಾದ ಕಸ್ಟಮ್ಸ್ ಒಕ್ಕೂಟಕ್ಕೆ ನಾವು ಸೇರಿದರೆ ಈ ಜಾಕೆಟ್ಟಿನ ಮೇಲೆ ಸುಂಕ ಎಷ್ಟು ಬೀಳುತ್ತೆ, ಅದು ಗೊತ್ತಾ ನಿಂಗೆ ಅಂತ ತಿರುಗಿ ಕೇಳಿದಳು. ಗೊತ್ತಿರಲಿಲ್ಲ. ಆ ಕಸ್ಟಮ್ಸ್ ಒಕ್ಕೂಟವೇ ಮುಂದೆ ಯುರೇಷಿಯನ್ ಆರ್ಥಿಕ ಒಕ್ಕೂಟ ಆಯಿತು, 2015ರಲ್ಲಿ ಕಿರ್ಗಿಸ್ತಾನ ಅದನ್ನು ಸೇರಿತು. ದೊರ್ದೋಯ್‌ನ ಮರುಮಾರಾಟಕ್ಕೆ ಪೆಟ್ಟು ಬಿತ್ತು. ಅವಳ ಪ್ರಶ್ನೆ ಆ ಘಟನೆಗಿಂತ ಮೂರು ವರ್ಷ ಮುಂದಿತ್ತು.

ಮನಾಸ್ ನೆಲೆ ಕೊನೆಗೆ 2014ರ ಜೂನ್‌ನಲ್ಲಿ ಮುಚ್ಚಿತು. ಒಬ್ಬ ಗೆಳೆಯ 'ನೀನೇ ಸರಿ ಕಣೋ' ಅಂತ ಮೆಸೇಜ್ ಹಾಕಿದ. ಅಲ್ಲ. ಒಪ್ಪಂದ ಮುಗಿಯುವವರೆಗೆ ಬಾಡಿಗೆ ತಗೊಂಡು ಆಮೇಲೆ ಮುಚ್ಚಿದರು. ಅದಕ್ಕೂ ಮೊದಲೇ, 2012ರಲ್ಲಿ, ಕಾಂತ್ ನೆಲೆಯ ಅವಧಿ ಮುಂದುವರಿಸುವ ಮಾತುಕತೆಯಲ್ಲಿ ರಷ್ಯಾ ಸುಮಾರು 49 ಕೋಟಿ ಡಾಲರ್ ಸಾಲ ಮನ್ನಾ ಮಾಡಲು ಒಪ್ಪಿತ್ತು. ಇದು ಯಾರ ಗೆಲುವು ಅಂತ ಬರೆಯುತ್ತೀರಿ?

ಅದಕ್ಕೇ ನಿಮ್ಮ 'ಯಾರು ಗೆಲ್ತಾರೆ' ನನಗೆ ಪ್ರಶ್ನೆ ಅಂತಲೇ ಅನ್ನಿಸೋದಿಲ್ಲ. ಕ್ರಿಕೆಟ್ ಅಲ್ಲ ಇದು. ಕಜಕಸ್ತಾನ ನೋಡಿ. 2022ರ ಜನವರಿಯಲ್ಲಿ ಗಲಭೆ ಆದಾಗ ರಷ್ಯಾ ನೇತೃತ್ವದ ಸೈನ್ಯವನ್ನು ಅಲ್ಲಿನ ಅಧ್ಯಕ್ಷ ಟೊಕಾಯೆವ್ ತಾವೇ ಕರೆಸಿಕೊಂಡರು. ಎರಡು ವಾರದೊಳಗೆ ವಾಪಸ್ ಕಳಿಸಿದರು. ಅದೇ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೇದಿಕೆ ಮೇಲೆ, ಪುಟಿನ್ ಪಕ್ಕದಲ್ಲೇ ಕೂತು, ರಷ್ಯಾ ಸ್ವತಂತ್ರ ಅಂತ ಒಪ್ಪಿಕೊಂಡಿದ್ದ ಉಕ್ರೇನಿನ ದೊನೆತ್ಸ್ಕ್ ಮತ್ತು ಲುಹಾನ್ಸ್ಕ್‌ಗೆ ಮಾನ್ಯತೆ ಕೊಡಲ್ಲ ಅಂದರು. ಹಾಗಂತ ಚೀನಾದ ಜೇಬಿಗೆ ಬಿದ್ದರು ಅನ್ನಬೇಡಿ. ವಿದೇಶಿಯರಿಗೆ ಜಮೀನು ಗುತ್ತಿಗೆ ಕೊಡ್ತಾರೆ, ಚೀನಾದವರು ಬರ್ತಾರೆ ಅಂತ 2016ರಲ್ಲಿ ಅಲ್ಲಿನ ಜನ ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಿತು. 2020ರಲ್ಲಿ ಕಿರ್ಗಿಸ್ತಾನದ ಅತ್-ಬಾಶಿಯಲ್ಲಿ 27.5 ಕೋಟಿ ಡಾಲರಿನ ಚೀನೀ ಸರಕು ಕೇಂದ್ರವೂ ಹೀಗೇ ನಿಂತುಹೋಯಿತು. ಕುದುರೆ ಮೇಲೆ ಬಂದ ಹಳ್ಳಿ ಜನ ನಿಲ್ಲಿಸಿದರು.

ಭಾಷೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ರಷ್ಯನ್ ಕಲಿಯಿರಿ, ಅದಿಲ್ಲದೆ ಅಲ್ಲಿ ಕೆಲಸ ಆಗೋದಿಲ್ಲ. ಚೈನೀಸ್ ಸದ್ಯಕ್ಕೆ ಬಿಡಿ. ಆ ಸಮಯಕ್ಕೆ ಕಿರ್ಗಿಜ್ ಅಥವಾ ಉಜ್ಬೇಕ್ ಹಿಡಿಯಿರಿ. ಬೀಜಿಂಗ್ ಏನು ಯೋಚಿಸುತ್ತೆ ಅಂತ ಬರೆಯೋರು ಬೇಕಾದಷ್ಟು ಜನ ಇದ್ದಾರೆ.

ವಿಷಯ ಬೇಕೇ ಬೇಕು ಅಂದರೆ ಚೀನಾ-ಕಿರ್ಗಿಸ್ತಾನ-ಉಜ್ಬೇಕಿಸ್ತಾನ ರೈಲು ತಗೊಳ್ಳಿ. ಮಾತು ಶುರುವಾಗಿದ್ದು 1997ರಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2024ರ ಜೂನ್‌ನಲ್ಲಿ. ರೈಲು ಮಾರ್ಗ ಕಟ್ಟುವ ಜಂಟಿ ಕಂಪನಿಯಲ್ಲಿ ಚೀನಾಕ್ಕೆ 51%, ಉಳಿದ ಎರಡು ದೇಶಕ್ಕೆ ತಲಾ 24.5%. ಚೀನಾದ ಹಳಿ 1,435 ಮಿಲಿಮೀಟರ್ ಅಗಲ, ಸೋವಿಯತ್ ಕಾಲದ್ದು 1,520. ಆ 85 ಮಿಲಿಮೀಟರ್ ಮೇಲೆ ಬಿಷ್ಕೆಕ್‌ನಲ್ಲಿ ವರ್ಷಗಟ್ಟಲೆ ಜಗಳ ಆಗಿದೆ. ಯಾರ್ಯಾರು ಏನೇನು ಕೇಳಿದರು, ಯಾಕೆ ಬೇಡ ಅಂದರು ಅಂತ ಹುಡುಕಿ ಬರೆದರೆ ನಾನೇ ಮೊದಲು ಓದುತ್ತೇನೆ. ಆದರೆ 2024ರ ಡಿಸೆಂಬರ್‌ನಲ್ಲಿ ಜಲಾಲ್-ಅಬಾದ್ ಕಡೆ ನಡೆದ ಕಾಮಗಾರಿ ಆರಂಭದ ಫೋಟೋ ನೋಡಿ 'ಚೀನಾ ಗೆದ್ದಿತು' ಅಂತ ನಲವತ್ತು ಪುಟ ಬರೆಯೋಕೆ ಹೋಗಬೇಡಿ, ದಯವಿಟ್ಟು. ಮೊದಲು ರೈಲು ಓಡಲಿ.