ಓದುಗರ ಪ್ರಶ್ನೆ: ಮಕ್ಕಳಿಗೂ ಸಭೆಗೂ ತಕರಾರಿಲ್ಲದ ಉಯಿಲು

ಪ್ರಶ್ನೆ: ನಿವೃತ್ತಿಯ ರೊಕ್ಕದಿಂದ ಕಟ್ಟಿಸಿದ ಮನೆ ನನ್ನ ಹೆಸರಲ್ಲಿದೆ, ಬ್ಯಾಂಕಿನಲ್ಲಿ ಠೇವಣಿಯೂ ಇದೆ. ಯಜಮಾನರಿದ್ದಾರೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಠೇವಣಿಯಲ್ಲೊಂದು ಪಾಲು ನಮ್ಮ ಸಭೆಗೆ (ಚರ್ಚಿಗೆ) ಸೇರಲಿ ಎಂಬ ಆಸೆ. ಸಾಯುವುದಕ್ಕೆ ವರ್ಷ ಮೊದಲೇ ಬರೆದಿಡದಿದ್ದರೆ ಚರ್ಚಿಗೆ ಬರೆದದ್ದು ನಡೆಯುವುದಿಲ್ಲವಂತೆ, ಹೌದೇ? ಮಗಳಿಗೆ ಮದುವೆಯಲ್ಲೇ ಕೊಟ್ಟಾಗಿದೆ ಎಂದು ಹಿರಿಯ ಮಗ ಹೇಳುತ್ತಾನೆ.
– ನಿವೃತ್ತ ಶಿಕ್ಷಕಿ, ಬೀದರ್

ಉತ್ತರ: ಅಕ್ಕೋರೇ, ಆ ಒಂದು ವರ್ಷದ ನಿಯಮ ಈಗಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 118ನೇ ಕಲಮಿನಲ್ಲಿ ಹಾಗಿತ್ತು. 2003ರಲ್ಲಿ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಸಭೆಗೆ ನಿಶ್ಚಿಂತೆಯಿಂದ ಬರೆಯಿರಿ. ಆದರೆ 'ನಮ್ಮ ಚರ್ಚಿಗೆ' ಎಂದಷ್ಟೇ ಬರೆದರೆ ಮುಂದೆ ಯಾರು ಪಡೆಯಬೇಕೆಂಬ ಜಗಳ ಏಳುತ್ತದೆ. ಸಭೆಯ ಆಸ್ತಿ ಯಾವ ನೋಂದಾಯಿತ ಸಂಸ್ಥೆಯ ಹೆಸರಲ್ಲಿದೆ ಎಂದು ಪಾಸ್ಟರ್ ಅವರನ್ನು ಕೇಳಿ, ಅದೇ ಹೆಸರನ್ನು, ಯಾವ ಊರಿನ ಸಭೆಯ ಉಪಯೋಗಕ್ಕೆ ಎಂಬುದನ್ನೂ ಸೇರಿಸಿ ಬರೆಯಿರಿ. ಪಾಸ್ಟರ್ ಅವರ ಸ್ವಂತ ಹೆಸರಿಗೆ ಬರೆಯಬೇಡಿ. ಅವರಿಗೆ ವರ್ಗವಾಗುತ್ತದೆ, ಸಭೆ ಅಲ್ಲೇ ಇರುತ್ತದೆ.

ಇನ್ನು ಮಗಳ ಮಾತು. ಉಯಿಲು ಇಲ್ಲದಿದ್ದರೆ ಕ್ರೈಸ್ತರ ಆಸ್ತಿಯಲ್ಲಿ ಮೂರನೇ ಒಂದು ಪಾಲು ಗಂಡ ಅಥವಾ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಸಮವಾಗಿ. ಗಂಡು ಹೆಣ್ಣು ಭೇದವಿಲ್ಲ. 18 ಲಕ್ಷದ ಆಸ್ತಿಯಾದರೆ ಯಜಮಾನರಿಗೆ 6 ಲಕ್ಷ, ಮೂವರು ಮಕ್ಕಳಿಗೆ ತಲಾ 4 ಲಕ್ಷ. ಮದುವೆಯಲ್ಲಿ ಕೊಟ್ಟದ್ದನ್ನು ಈ ಲೆಕ್ಕದಲ್ಲಿ ಕಳೆಯುವಂತಿಲ್ಲ. ಅದೇ ಕಾಯಿದೆಯ 49ನೇ ಕಲಮು ಅದನ್ನು ಬಿಚ್ಚಿ ಹೇಳಿದೆ. ಬೇರೆ ರೀತಿ ಹಂಚುವ ಹಕ್ಕು ನಿಮಗಿದೆ, ಆದರೆ ಅದು ನಿಮ್ಮ ಮನಸ್ಸಿನಂತೆ ಆಗಲಿ, ಮಗನ ಒತ್ತಾಯದಿಂದಲ್ಲ. ಮಗಳಿಗೂ ಪಾಲಿಡಿ ಎಂಬುದೇ ನಮ್ಮ ಸಲಹೆ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು; ಕನ್ನಡದಲ್ಲೇ ಬರೆಯಬಹುದು. ಹಿಂದಿನ ಉಯಿಲುಗಳೆಲ್ಲ ರದ್ದು ಎಂಬ ಸಾಲು ಮೊದಲು ಬರಲಿ. ಮನೆಯ ನಂಬರು, ನಾಲ್ಕೂ ದಿಕ್ಕಿನ ಚಕ್ಕುಬಂದಿ ಖಾತಾ ನಕಲಿನಲ್ಲಿದ್ದಂತೆಯೇ ಇರಲಿ. ಠೇವಣಿಗೆ ಮೊತ್ತ ಬರೆಯುವುದಕ್ಕಿಂತ 'ಹತ್ತನೇ ಒಂದು ಪಾಲು' ಎಂಬಂತೆ ಬರೆಯುವುದು ಲೇಸು, ಏಕೆಂದರೆ ಆಸ್ಪತ್ರೆ ಖರ್ಚಿಗೆ ಠೇವಣಿ ಮುರಿದರೆ ಮೊತ್ತ ತಾಳೆಯಾಗುವುದಿಲ್ಲ. ಪ್ರತಿ ಪುಟಕ್ಕೂ, ಪ್ರತಿ ತಿದ್ದುಪಡಿಯ ಪಕ್ಕಕ್ಕೂ ಸಹಿ ಮಾಡಿ.

ಹೆಚ್ಚಿನವರು ಎಡವುವುದು ಸಾಕ್ಷಿಗಳ ವಿಷಯದಲ್ಲಿ. ಇಬ್ಬರು ಬೇಕು, ಇಬ್ಬರೂ ನಿಮ್ಮ ಸಹಿ ಕಣ್ಣಾರೆ ನೋಡಿ, ನಿಮ್ಮೆದುರೇ ಸಹಿ ಹಾಕಬೇಕು. ಮಗನೋ ಸೊಸೆಯೋ ಸಾಕ್ಷಿಯಾದರೆ ಉಯಿಲು ಉಳಿಯುತ್ತದೆ, ಆ ಮಗನಿಗೆ ಬರೆದದ್ದು ಮಾತ್ರ ಬಿದ್ದುಹೋಗುತ್ತದೆ. ನಿಮಗಿಂತ ಚಿಕ್ಕವರನ್ನೇ ಆರಿಸಿ. ತಕರಾರು ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿನಲ್ಲಿ ನಿಂತು ಹೇಳಬೇಕಾಗುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ 'ಸಹಿ ಅವ್ವನದ್ದಲ್ಲ' ಎನ್ನುವ ಮಾತಿಗೆ ಬಲವಿರುವುದಿಲ್ಲ.

ಬ್ಯಾಂಕಿನಲ್ಲಿ ನಾಮಿನಿ ಮಾಡಿದರೆ ಮುಗಿಯಿತೆಂದುಕೊಳ್ಳಬೇಡಿ. ನಾಮಿನಿ ರೊಕ್ಕ ಪಡೆಯುವವನಷ್ಟೇ, ಒಡೆತನ ವಾರಸುದಾರರದ್ದು. ಕುಟುಂಬ ಪಿಂಚಣಿ ನಿಯಮದಂತೆ ಹೋಗುತ್ತದೆ, ಉಯಿಲಿನಲ್ಲಿ ಬರೆದರೂ ಫಲವಿಲ್ಲ.

ಈಗಲೇ ಮನೆಯನ್ನು ದಾನಪತ್ರ ಮಾಡಿಕೊಡಿ ಎಂದು ಮಕ್ಕಳು ಕೇಳಿದರೆ ದಯವಿಟ್ಟು ಅವಸರಪಡಬೇಡಿ. ಉಯಿಲನ್ನು ಬೇಕಾದಾಗ ಬದಲಿಸಬಹುದು, ದಾನಪತ್ರವನ್ನು ಹಾಗೆ ಹಿಂಪಡೆಯಲಾಗದು. ಕೊಡಲೇಬೇಕಾದರೆ ನಿಮ್ಮಿಬ್ಬರ ಊಟ, ಔಷಧ, ವಾಸದ ಹೊಣೆ ಅವರದ್ದು ಎಂಬ ಷರತ್ತು ಪತ್ರದಲ್ಲೇ ಇರಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿ ಮುಂದೆ ಪತ್ರ ರದ್ದು ಕೇಳಬಹುದು.

ಪ್ರಶ್ನೆ: ನಿವೃತ್ತಿಯ ನಂತರ ಸಂಡೇ ಸ್ಕೂಲ್ ವಹಿಸಿಕೊಂಡಿದ್ದೇನೆ. ಮಕ್ಕಳು ಇಂಗ್ಲಿಷ್ ಮಾಧ್ಯಮದವರು, ಕನ್ನಡ ಬೈಬಲ್ ಓದಲು ಬರುವುದಿಲ್ಲ. ಬರುವವರೂ ಕಡಿಮೆಯಾಗುತ್ತಿದ್ದಾರೆ.
– ನಿವೃತ್ತ ಮುಖ್ಯಶಿಕ್ಷಕರು, ಹುಮನಾಬಾದ್

ಉತ್ತರ: ಸರ್, ಹಾಜರಿ, ಪರೀಕ್ಷೆ, ಬಾಯಿಪಾಠದ ಬೈಗುಳ ಮೂರನ್ನೂ ಬಿಡಿ. ಆರು ದಿನ ಶಾಲೆ ಮುಗಿಸಿ ಬಂದ ಮಕ್ಕಳಿಗೆ ಭಾನುವಾರವೂ ಶಾಲೆಯಾದರೆ ಬರುವುದಾದರೂ ಏಕೆ? 45 ನಿಮಿಷ ಸಾಕು: ಹಾಡು 10, ಕಥೆ 15, ಬೈಬಲ್ ವಚನ 5, ಉಳಿದದ್ದು ಚಿತ್ರ ಅಥವಾ ಆಟ. ಕನ್ನಡಕ್ಕೆ ವಾರಕ್ಕೊಂದೇ ವಚನ, ಎಂಟು ಪದ ಮೀರದಂತೆ, ಡ್ರಾಯಿಂಗ್ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ಬೆರಳಿಟ್ಟು ಮೂರು ಸಲ ಒಟ್ಟಿಗೆ ಓದಿಸಿ, ನಂತರ ಒಂದೊಂದೇ ಪದ ಮುಚ್ಚುತ್ತ ಹೋಗಿ. ಕನ್ನಡ ಅಕ್ಷರವೇ ಬಾರದ ಮಗುವಿಗೂ ಕೆಲವು ವಾರಗಳಲ್ಲಿ ಪದಗಳ ಗುರುತು ಹತ್ತುತ್ತದೆ. ಎಂಟು ವರ್ಷದೊಳಗಿನವರನ್ನು ಬೇರೆ ಕೂಡಿಸಿ. ಕೂಡಿ ಕೂತರೆ ಚಿಕ್ಕವರು ಗಲಾಟೆ ಮಾಡುತ್ತಾರೆ, ದೊಡ್ಡವರು ಬೇಸರದಿಂದ ಬಿಡುತ್ತಾರೆ. ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಇರಬಾರದು, ಇಬ್ಬರಿರಬೇಕು. ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಪಿಂಚಣಿಗೆ ಕೊಡಬೇಕಾದ ಜೀವನ ಪ್ರಮಾಣಪತ್ರಕ್ಕೆ ಬೆರಳಚ್ಚು ಹತ್ತುತ್ತಿಲ್ಲ.
– ಓದುಗರು, ಭಾಲ್ಕಿ

ಉತ್ತರ: ವಯಸ್ಸಿಗೆ ಬೆರಳ ಗೆರೆ ಸವೆಯುತ್ತದೆ, ನವೆಂಬರಿನ ಚಳಿಗೆ ಚರ್ಮವೂ ಒಣಗುತ್ತದೆ. ಮೊಬೈಲಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎಂಬ ಎರಡೂ ಆ್ಯಪ್ ಹಾಕಿಸಿ, ಮುಖಕ್ಕೆ ಬೆಳಕು ಬೀಳುವಂತೆ ಕೂತು ಮುಖಚಹರೆಯಿಂದಲೇ ಮಾಡಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆ ಪಕ್ಕದಲ್ಲಿರಲಿ. ಪಿಂಚಣಿ ಕೊಡುವ ಕಚೇರಿ ಅಥವಾ ಬ್ಯಾಂಕನ್ನು ಪಟ್ಟಿಯಲ್ಲಿ ತಪ್ಪಾಗಿ ಆರಿಸಿದರೆ ಪತ್ರ ತಿರಸ್ಕೃತವಾಗುತ್ತದೆ. ಸಂದೇಶ ಬಂದ ಮಾತ್ರಕ್ಕೆ ಅಂಗೀಕಾರವಾಯಿತೆಂದಲ್ಲ. ವಾರ ಬಿಟ್ಟು ಬ್ಯಾಂಕಿನಲ್ಲಿ ವಿಚಾರಿಸಿ. ಆಗದಿದ್ದರೆ ನೇರವಾಗಿ ಬ್ಯಾಂಕಿಗೆ ಹೋಗಿ ಕಾಗದದ ಪತ್ರಕ್ಕೆ ಸಹಿ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.