ಪ್ರಾಮ್ ಕೊಳ್ಳಲು ಹೊರಟಿರಾ? ಐದು ಕಿಲೋ ಅಕ್ಕಿ ಜೊತೆಗಿರಲಿ

ಪ್ರಶ್ನೆ: ನನಗೀಗ ಎಂಟು ತಿಂಗಳು. ಹೆರಿಗೆಗೆ ತವರಿಗೆ, ಹಾಸನಕ್ಕೆ ಹೋಗುತ್ತೇನೆ. ಮೂರು ತಿಂಗಳ ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಮರಳುವ ಯೋಚನೆ. ಪ್ರಾಮ್ (ಕೂಸನ್ನು ಮಲಗಿಸಿ ತಳ್ಳುವ ಗಾಡಿ) ಈಗಲೇ ಕೊಂಡುಬಿಡೋಣ ಎಂದು ನನ್ನ ಗಂಡ ಹಟ ಹಿಡಿದಿದ್ದಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಅಗ್ಗದ್ದಕ್ಕೂ ದುಬಾರಿಯದಕ್ಕೂ ‘ನವಜಾತ ಶಿಶುವಿಗೆ ಸೂಕ್ತ’ ಎಂದೇ ಬರೆದಿದೆ. ಯಾವುದನ್ನು ನಂಬಬೇಕು? ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಯಜಮಾನರಿಗೆ ಸ್ವಲ್ಪ ತಡೆಯಲು ಹೇಳಿ. ಬಾಣಂತನದ ಮೂರು ತಿಂಗಳು ಮಗು ಇರುವುದು ಮಡಿಲಲ್ಲಿ, ತೊಟ್ಟಿಲಲ್ಲಿ, ಎರೆಯುವ ಹೊತ್ತಿಗೆ ಅಜ್ಜಿಯ ಕಾಲ ಮೇಲೆ. ಲಸಿಕೆಗೆ ಹೋಗಿಬರುವುದನ್ನು ಬಿಟ್ಟರೆ ಹೊಸಿಲು ದಾಟುವ ಸಂದರ್ಭವೇ ಕಡಿಮೆ. ಈಗ ತಂದ ಗಾಡಿ ಮಂಚದ ಹಿಂದೆ ದೂಳು ಹಿಡಿಯುತ್ತದೆ. ಅದರ ಬೆಲ್ಟ್ ಸರಿಯಿಲ್ಲವೆಂದು ನಿಮಗೆ ಗೊತ್ತಾಗುವ ಹೊತ್ತಿಗೆ ಬದಲಿಸಿ ಕೊಡುವ ಗಡುವು ಮುಗಿದಿರುತ್ತದೆ.

ಇನ್ನು ಆ ‘ನವಜಾತ’ ಚೀಟಿಯ ವಿಷಯ. ಹುಟ್ಟಿದ ಕೂಸಿನ ಒಟ್ಟು ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ಅಷ್ಟು ಭಾರದ ತಲೆಯನ್ನು ಹೊರುವ ಕತ್ತು ನಿಲ್ಲಲು ಮೂರು–ನಾಲ್ಕು ತಿಂಗಳು ಬೇಕು, ಆಸರೆಯಿಲ್ಲದೆ ಕೂರಲು ಆರು–ಏಳು ತಿಂಗಳು. ಅದಕ್ಕೆ ಮೊದಲೇ ಅರೆ ಕೂತ ಭಂಗಿಯಲ್ಲಿ ಇಟ್ಟರೆ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ. ಶಿಶುವಿನ ಶ್ವಾಸನಾಳ ಮೆತ್ತಗಿರುವುದರಿಂದ ನೀರಿನ ಪೈಪು ಬಾಗಿಸಿದಂತೆ ಅದು ಕಿರಿದಾಗುತ್ತದೆ. ಆಗ ಮಗು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲದಿರಬಹುದು. ನನ್ನ ಚಿಕಿತ್ಸಾಲಯಕ್ಕೆ ಒಮ್ಮೆ ನಲವತ್ತು ದಿನದ ಕೂಸನ್ನು ಹೊಚ್ಚಹೊಸ ಪ್ರಾಮ್‌ನಲ್ಲಿ ತಂದಿದ್ದರು. ‘ಇದರಲ್ಲಿ ಇಟ್ಟರೆ ಸಾಕು ಡಾಕ್ಟ್ರೇ, ಗಪ್‌ಚಿಪ್ ಮಲಗಿಬಿಡುತ್ತದೆ’ ಎಂದು ಮನೆಯವರಿಗೆ ಹೆಮ್ಮೆ. ಬಗ್ಗಿ ನೋಡಿದರೆ ಗದ್ದ ಎದೆಯೊಳಗೆ ಹೂತಿತ್ತು, ಉಸಿರಿನ ಜೊತೆ ಸಣ್ಣ ಗೊರಗೊರ ಸದ್ದು. ಎತ್ತಿ ಮೇಜಿನ ಮೇಲೆ ಅಂಗಾತ ಮಲಗಿಸಿದ ಕೂಡಲೇ ಸದ್ದು ನಿಂತಿತು, ಮಗು ಕಿರುಚಿ ಅತ್ತಿತು. ಆ ಅಳು ಕೇಳಿ ನನಗೆ ಸಮಾಧಾನವಾಯಿತು.

ಆದ್ದರಿಂದ ಚೀಟಿಯನ್ನು ನಂಬಬೇಡಿ, ಗಾಡಿಯ ಬೆನ್ನು (ಒರಗುವ ಭಾಗ) ಎಷ್ಟು ಚಾಚುತ್ತದೆ ಎಂಬುದನ್ನು ನೋಡಿ. ಪ್ರಾಮ್‌ಗಳಿಗೆ ಯುರೋಪಿನಲ್ಲಿ ಇಎನ್ 1888 ಎಂಬ ಮಾನದಂಡವಿದೆ. ಹುಟ್ಟಿನಿಂದಲೇ ಬಳಸುವ ಗಾಡಿಯಾದರೆ ಆಸನಕ್ಕೂ ಬೆನ್ನಿಗೂ ನಡುವೆ ಕನಿಷ್ಠ 150 ಡಿಗ್ರಿ ಕೋನವಿರಬೇಕು ಎನ್ನುತ್ತದೆ ಅದು. ಗಡಿಯಾರದಲ್ಲಿ ಐದು ಗಂಟೆಯಾದಾಗ ಎರಡು ಮುಳ್ಳುಗಳ ನಡುವೆ ಇರುವಷ್ಟು ಅಗಲ. ಇದು ಕನಿಷ್ಠದ ಮಾತು. ಪೂರ್ತಿ ಚಪ್ಪಟೆಯಾಗುವುದೇ ಉತ್ತಮ.

ಈಗ ಅಕ್ಕಿಯ ವಿಷಯಕ್ಕೆ ಬರುತ್ತೇನೆ. ಹುಟ್ಟುವಾಗ 3 ಕಿಲೋ ಆಸುಪಾಸಿನಲ್ಲಿರುವ ಕೂಸು ಬಾಣಂತನ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ 5 ಕಿಲೋ ದಾಟಿರುತ್ತದೆ. ಅಂಗಡಿಗೆ ಹೋಗುವಾಗ 5 ಕಿಲೋ ಅಕ್ಕಿಯ ಚೀಲಕ್ಕೆ ಟವೆಲ್ ಸುತ್ತಿ ಒಯ್ಯಿರಿ. ಅಂಗಡಿಯವನು ವಿಚಿತ್ರವಾಗಿ ನೋಡಿದರೆ ನೋಡಲಿ. ಬೆನ್ನನ್ನು ಪೂರ್ತಿ ಚಾಚಿ, ಚೀಲವನ್ನು ಮಲಗಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ತಳ ಜೋಳಿಗೆಯಂತೆ ಜೋತುಬಿದ್ದರೆ ಬಟ್ಟೆಯ ಕೆಳಗೆ ಗಟ್ಟಿ ಹಲಗೆ ಇಲ್ಲವೆಂದೇ ಅರ್ಥ. ಆ ಗುಳಿಯಲ್ಲಿ ಮಗುವಿನ ಬೆನ್ನು ಬಿಲ್ಲಾಗಿ ಗದ್ದ ಮತ್ತೆ ಎದೆಗೇ ಬರುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ರಿಯಾಯಿತಿ ಇರಲಿ.

ಚೀಲ ಅಲ್ಲೇ ಇರಲಿ. ಐದು ಬಿಂದುಗಳ ಬೆಲ್ಟ್, ಅಂದರೆ ಎರಡು ಭುಜಕ್ಕೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ, ಅದಕ್ಕೆ ಕಟ್ಟಿ. ಬರೀ ಸೊಂಟದ ಪಟ್ಟಿಯಿದ್ದರೆ ಬೇಡ. ಬ್ರೇಕ್ ಹಾಕಿ ಅಂಗಡಿಯ ಇಳಿಜಾರಿನಲ್ಲಿ ನಿಲ್ಲಿಸಿ ನೂಕಿ. ಹಿಂದಿನ ಎರಡೂ ಚಕ್ರಗಳು ಒಟ್ಟಿಗೆ ಬಿಗಿಯಬೇಕು. ಬ್ರೇಕ್ ಇದೆಯೆಂದು ಹಿಡಿ ಬಿಡುವ ಅಭ್ಯಾಸ ಮಾತ್ರ ಬೇಡ. 2009ರಲ್ಲಿ ಮೆಲ್ಬರ್ನ್‌ನ ಆಶ್‌ಬರ್ಟನ್ ರೈಲು ನಿಲ್ದಾಣದಲ್ಲಿ ತಾಯಿ ಕ್ಷಣಮಾತ್ರ ಕೈ ಬಿಟ್ಟಾಗ ಪ್ರಾಮ್ ತಾನೇ ಉರುಳಿ ಬರುತ್ತಿದ್ದ ರೈಲಿನ ಮುಂದೆ ಬಿತ್ತು. ಬೆಲ್ಟ್ ಕಟ್ಟಿದ್ದ ಮಗು ಬದುಕಿದ್ದು ಪವಾಡವೇ ಸರಿ. ಹಿಡಿಯಿಂದ ಮುಂಗೈಗೆ ಸುತ್ತಿಕೊಳ್ಳುವ ಪಟ್ಟಿ ಇರುವ ಗಾಡಿ ಸಿಕ್ಕರೆ ಒಳ್ಳೆಯದು.

ನಂತರ ಹಿಡಿಗೆ ನಿಮ್ಮ ಕೈಚೀಲ ನೇತುಹಾಕಿ ಅಕ್ಕಿಯನ್ನು ಎತ್ತಿ ನೋಡಿ. ಅನೇಕ ಗಾಡಿಗಳು ಆ ಕ್ಷಣದಲ್ಲೇ ಹಿಂದಕ್ಕೆ ಮಗುಚುತ್ತವೆ. ನಾಲ್ಕು ತೆಂಗಿನಕಾಯಿಯ ಚೀಲ ಎಳೆಗೂಸಿನಷ್ಟೇ ತೂಗುತ್ತದೆ ಎಂಬುದನ್ನು ಮಾರುಕಟ್ಟೆಯಲ್ಲಿ ನಾವು ಮರೆತಿರುತ್ತೇವೆ. ಸಾಮಾನು ಏನಿದ್ದರೂ ಕೆಳಗಿನ ಬುಟ್ಟಿಗೆ. ಮಡಚುವ ಕೀಲುಗಳಿಗೆ ಮುಚ್ಚಳ ಇದೆಯೇ ಎಂದೂ ನೋಡಿ. ಛತ್ರಿಯಂತೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದವರು ವಿಮಾನದ ಎಂಜಿನಿಯರ್ ಓವನ್ ಮೆಕ್ಲಾರೆನ್. ಅವರ ಹೆಸರಿನ ಕಂಪನಿಯೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಕೀಲಿಗೆ ಮುಚ್ಚಳ ಹಂಚಬೇಕಾಯಿತು, ಮಕ್ಕಳ ಬೆರಳ ತುದಿ ಕತ್ತರಿಸಿ ಹೋಗಿತ್ತು. ಬಿಡಿಸುವಾಗ, ಮಡಚುವಾಗ ಮಗು ಒಂದು ಮಾರು ದೂರವಿರಲಿ.

ಇಷ್ಟೂ ಅಂಗಡಿಯೊಳಗಿನ ಪರೀಕ್ಷೆ. ನಿಜವಾದ ಪರೀಕ್ಷೆ ಇರುವುದು ನಿಮ್ಮ ಬೀದಿಯಲ್ಲಿ. ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳ ನಡುವಿನ ಸಂದು ನೆನಪಿಸಿಕೊಳ್ಳಿ. ಅಂಗೈಯಷ್ಟು ಸಣ್ಣ ಮುಂಚಕ್ರ ಅಲ್ಲಿಗೆ ಬಂದದ್ದೇ ತಿರುಗಿ ಸಂದಿನೊಳಗೆ ಕೂತುಬಿಡುತ್ತದೆ; ಗಾಡಿ ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ನಿಮ್ಮ ಗೇಣಿನ ಮುಕ್ಕಾಲು ಪಾಲಿಗಿಂತ ಚಿಕ್ಕ ಚಕ್ರ ಬೇಡ. ಮುಂಚಕ್ರ ತಿರುಗದಂತೆ ಬಿಗಿಯುವ ಗುಂಡಿಯೂ ಇರಲಿ. ಸಂದು ಬಂದಾಗ ಹಿಡಿಯನ್ನು ಕೆಳಗೆ ಒತ್ತಿ ಮುಂಚಕ್ರ ಎತ್ತಿ ದಾಟಿಸಿ. ವಾಹನಗಳ ಹೊಗೆಕೊಳವೆ ಇರುವುದು ಸರಿಯಾಗಿ ಮಗುವಿನ ಮೂಗಿನ ಮಟ್ಟದಲ್ಲಿ. ಆಸನ ಎತ್ತರವಿದ್ದಷ್ಟೂ ವಾಸಿ, ಮುಖ್ಯರಸ್ತೆಗಿಂತ ಒಳಬೀದಿ ವಾಸಿ.

ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ಸಲೀಸು ಉತ್ತರವಿಲ್ಲ. ಹಲಗೆ ತಳದ, ದೊಡ್ಡ ಚಕ್ರದ ಗಾಡಿ ಭಾರವಾಗಿರುತ್ತದೆ; ಹಗುರವಾದದ್ದು ಸಾಮಾನ್ಯವಾಗಿ ಜೋಳಿಗೆಯಾಗಿರುತ್ತದೆ. ನಾನಾದರೆ ಭಾರದ್ದನ್ನೇ ಕೊಂಡು, ಮನೆ ಮಾಲೀಕರನ್ನು ಕೇಳಿ, ಕೆಳಗೆ ಮೆಟ್ಟಿಲ ಅಡಿಯಲ್ಲಿ ಸೈಕಲ್ ಬೀಗ ಹಾಕಿ ಇಡುತ್ತೇನೆ. ಮಗುವನ್ನು ಮಲಗಿಸಿಕೊಂಡೇ ಇಬ್ಬರು ಆಚೀಚೆ ಹಿಡಿದು ಮೆಟ್ಟಿಲು ಹತ್ತಿಸುವ ಸಾಹಸ ಮಾತ್ರ ಎಂದಿಗೂ ಬೇಡ. ಎಸ್ಕಲೇಟರ್‌ಗೂ ಇದೇ ಮಾತು.

ಪ್ರಶ್ನೆ: ನಾನು ಅಜ್ಜಿ. ಎರಡು ತಿಂಗಳ ಮೊಮ್ಮಗುವನ್ನು ಸಂಜೆ ಬಿಸಿಲಿಗೆ ಪ್ರಾಮ್‌ನಲ್ಲಿ ಒಯ್ಯುತ್ತೇವೆ. ತಲೆ ಗುಂಡಗಾಗಲಿ ಎಂದು ಸಾಸಿವೆ ದಿಂಬು ಇಟ್ಟರೆ, ಕಣ್ಣಿಗೆ ಬಿಸಿಲು ಬೀಳದಿರಲಿ ಎಂದು ಶಾಲು ಮುಚ್ಚಿದರೆ ಮಗಳು ರೇಗುತ್ತಾಳೆ. ನಾವು ಮಕ್ಕಳನ್ನು ಬೆಳೆಸಿಲ್ಲವೇ?
– ಒಬ್ಬ ಅಜ್ಜಿ, ಮೈಸೂರು

ಉತ್ತರ: ಬೆಳೆಸಿದ್ದೀರಿ ಅಮ್ಮಾ, ರೇಗುವ ಆ ಮಗಳನ್ನೂ ಸೇರಿಸಿ. ಆದರೆ ಈ ಎರಡು ವಿಷಯಗಳಲ್ಲಿ ನಾನು ಅವರ ಕಡೆ. ಸಾಸಿವೆ ದಿಂಬು ತಲೆಯನ್ನು ಎತ್ತಿ ಗದ್ದವನ್ನು ಎದೆಗೆ ತಳ್ಳುತ್ತದೆ. ದಿಂಬು ಸರಿದು ಮೂಗಿಗೆ ಅಡ್ಡ ಬಂದರೆ ಸರಿಸುವ ಶಕ್ತಿ ಆ ಕೂಸಿಗಿಲ್ಲ. ವರ್ಷ ತುಂಬುವವರೆಗೆ ದಿಂಬೇ ಬೇಡ. ಮಲಗಿದಾಗ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರೇ ಸ್ವಲ್ಪ ಹೊತ್ತು ಬೋರಲು ಹಾಕಿ. ತಲೆ ಗುಂಡಗಾಗುವುದಕ್ಕೆ ಅಷ್ಟು ಸಾಕು.

ಶಾಲು ಬಿಸಿಲನ್ನು ತಡೆಯುವಂತೆ ಗಾಳಿಯನ್ನೂ ತಡೆಯುತ್ತದೆ. ಸಿಡ್ನಿ ವಿಶ್ವವಿದ್ಯಾಲಯದವರು ಪ್ರಾಮ್‌ನ ಒಳಗಿನ ಶಾಖ ಅಳೆದು ನೋಡಿದ್ದಾರೆ. ಒಣಬಟ್ಟೆ ಮುಚ್ಚಿದಾಗ ಒಳಗೆ ಬಿಸಿ ಏರಿತು. ತೆಳ್ಳಗಿನ ಮಲ್‌ಮಲ್‌ನಂಥ ಬಟ್ಟೆ ಒದ್ದೆ ಮಾಡಿ ಹೊದಿಸಿ, ಸಣ್ಣ ಫ್ಯಾನ್ ಇಟ್ಟಾಗ ಇಳಿಯಿತು. ನಿಮಗೆ ಇಷ್ಟೆಲ್ಲ ಬೇಡ. ಗಾಡಿಯ ಚಾವಣಿಯನ್ನು ಬಿಸಿಲಿನ ಕಡೆಗೆ ಎಳೆದು, ಮರದ ನೆರಳಲ್ಲಿ ನಡೆಯಿರಿ. ಆಗಾಗ ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಮೊದಲು ಕುಲಾವಿ ತೆಗೆಯಿರಿ. ದೃಷ್ಟಿಯ ಕರಿದಾರ ಕತ್ತಿನಲ್ಲಿದ್ದರೆ ಅದು ಬೆಲ್ಟಿಗೆ ಸಿಕ್ಕಿಕೊಳ್ಳಬಹುದು, ಬಿಚ್ಚಿಬಿಡಿ. ಸೊಂಟದ ಉಡಿದಾರವೇ ದೃಷ್ಟಿಯನ್ನೂ ನೋಡಿಕೊಳ್ಳಲಿ.

ಪ್ರಶ್ನೆ: ಪ್ರಾಮ್‌ನ ಮೇಲ್ಭಾಗವನ್ನು ಬಿಡಿಸಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು ಮಗುವನ್ನು ಮಲಗಿಸಬಹುದೇ?
– ಓದುಗ, ಹುಬ್ಬಳ್ಳಿ

ಉತ್ತರ: ಕೂಡದು. ಅಪಘಾತದ ಹೊಡೆತ ತಡೆಯುವಂತೆ ಅದನ್ನು ಮಾಡಿರುವುದಿಲ್ಲ. ಕಾರಿಗೆಂದೇ ತಯಾರಾದ, ಹಿಂದಕ್ಕೆ ಮುಖ ಮಾಡುವ ಶಿಶು ಆಸನ ಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ. ಆ ಕಾರ್ ಸೀಟನ್ನೇ ಕೆಲವು ಪ್ರಾಮ್‌ಗಳ ಮೇಲೆ ಕೂರಿಸಬಹುದು, ಅನುಕೂಲವೇ. ಆದರೆ ಅದರಲ್ಲಿ ಮಗು ಬಾಗಿ ಕೂರುವುದರಿಂದ ಊರು ತಲುಪಿದ ಮೇಲೆ ಎತ್ತಿ ಚಪ್ಪಟೆ ಹಾಸಿಗೆಯಲ್ಲಿ ಮಲಗಿಸಿ. ದಾರಿಯಲ್ಲೂ ಆಗಾಗ ನಿಲ್ಲಿಸಿ.

ಪ್ರಶ್ನೆ: ಚಿಕ್ಕಮ್ಮನ ಮಗಳು ಬಳಸಿದ ಪ್ರಾಮ್ ಕೊಡುತ್ತೇನೆ ಎನ್ನುತ್ತಿದ್ದಾಳೆ. ಎರಡು ಮಳೆಗಾಲ ಅಟ್ಟದಲ್ಲಿತ್ತು. ತರಬಹುದೇ?
– ಉಡುಪಿ ಓದುಗರು

ಉತ್ತರ: ಖಂಡಿತ ತನ್ನಿ, ಸಂಕೋಚ ಬೇಡ. ಬಟ್ಟೆಯನ್ನೆಲ್ಲ ಬಿಚ್ಚಿ ಬಿಸಿನೀರಿನಲ್ಲಿ ಒಗೆದು ಎರಡು ದಿನ ಬಿಸಿಲಿಗೆ ಹಾಕಿ. ಆಮೇಲೂ ಬೂಷ್ಟಿನ ವಾಸನೆ ಉಳಿದರೆ ಬಟ್ಟೆ ಬದಲಿಸಬೇಕು. ಮಾದರಿಯ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ಕಂಪನಿ ಅದನ್ನು ದೋಷಕ್ಕಾಗಿ ಹಿಂಪಡೆದಿದೆಯೇ ನೋಡಿ. ತಿರುಪುಗಳ ಸುತ್ತ ತುಕ್ಕು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬೆಲ್ಟಿನ ಬಕಲನ್ನು ಹತ್ತು ಸಲ ಹಾಕಿ ಎಳೆಯಿರಿ. ಒಂದೇ ಒಂದು ಸಲ ಜಾರಿದರೂ ಆ ಗಾಡಿಯಲ್ಲಿ ಮಗು ಬೇಡ; ತೋಟದಿಂದ ತೆಂಗಿನಕಾಯಿ ತರಲು ಇಟ್ಟುಕೊಳ್ಳಿ.