ಎದೆ ನೀರಿನ ರಿಪೋರ್ಟಲ್ಲಿ ಸಾರ್ಕೋಮಾ ಅನುಮಾನ: ಪ್ರತಿಕ್ರಿಯೆ
ತೊಡೆ ಗಡ್ಡೆ ತೆಗೆಸಿದ್ದ ನಿಮ್ಮ ತಂದೆಯವರ ಎದೆ ನೀರಿನ (ಶ್ವಾಸಕೋಶದ ಸುತ್ತ ತುಂಬಿದ ನೀರು) ರಿಪೋರ್ಟಲ್ಲಿ ಸಾರ್ಕೋಮಾ (ಮಾಂಸಖಂಡ, ಮೂಳೆಯಂಥ ಭಾಗಗಳ ಕ್ಯಾನ್ಸರ್) ಅನುಮಾನ ಬಂದಿದೆ, ಮುಂದೇನು ಅಂತ ಕೇಳಿದ್ದೀರಿ. ಅದರಲ್ಲಿ ಸುಮ್ನೆ ‘ಅನುಮಾನದ ಕೋಶಗಳು’ ಅಂತ ಮಾತ್ರ ಬಂದಿದ್ದರೆ, ಬರೀ ಸ್ಲೈಡ್ ನೋಡಿ, ಸೆಲ್ ಬ್ಲಾಕ್ (ನೀರಿನಲ್ಲಿರೋ ಕೋಶಗಳನ್ನು ಒಟ್ಟುಮಾಡಿ ಮೇಣದಲ್ಲಿ ಕೂರಿಸೋದು) ಮಾಡದೇ ಇರಬಹುದು. ಸಾರ್ಕೋಮಾ ಕೋಶಗಳು ನೀರಿನಲ್ಲಿ ಎಷ್ಟೋ ಸಲ ದುಂಡಗಾಗಿ, ಬೇರೆ ಕ್ಯಾನ್ಸರ್ ಕೋಶದ ಥರಾನೇ ಅಥವಾ ಎದೆಪೊರೆಯ ಮಾಮೂಲಿ ಕೋಶದ ಥರಾನೇ ಕಾಣುತ್ತವೆ, ಗೊಂದಲ ಆಗೋದು ಅದಕ್ಕೇ. ಇವತ್ತೇ ನೀರು ಪರೀಕ್ಷೆ ಮಾಡಿದ ದಾವಣಗೆರೆಯ ಲ್ಯಾಬಿಗೆ ಫೋನ್ ಮಾಡಿ, ಉಳಿದ ನೀರು ಚೆಲ್ಲಬೇಡಿ, ಸೆಲ್ ಬ್ಲಾಕ್ ಮಾಡಿ ಎನ್ನಿ. ಆಮೇಲೆ ಹಳೆ ಆಪರೇಷನ್ನಿನಲ್ಲಿ ತೆಗೆದ ತೊಡೆ ಗಡ್ಡೆಯ ಮೇಣದ ಬ್ಲಾಕ್, ಸ್ಲೈಡ್ ಪಡೆಯಿರಿ, ನೀರಿನ ಕೋಶಗಳನ್ನು ಅದಕ್ಕೆ ಹೋಲಿಸಿ ನೋಡೋಕೆ. ನಮ್ಮಣ್ಣನ ವಿಷಯದಲ್ಲಿ ಗೊಂದಲ ಬಗೆಹರಿಸಿದ್ದು ಆ ಹೋಲಿಕೆಯೇ. ನೀರಿನ ಸೆಲ್ ಬ್ಲಾಕ್, ಹಳೆ ಗಡ್ಡೆಯ ಬ್ಲಾಕ್ ಎರಡನ್ನೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಒಯ್ದು, ಇಮ್ಯುನೋಹಿಸ್ಟೋಕೆಮಿಸ್ಟ್ರಿ (ಕೋಶದ ಪ್ರೋಟೀನುಗಳಿಗೆ ಬಣ್ಣ ಹಚ್ಚಿ ಅದು ಯಾವ ಥರದ ಕೋಶ ಅಂತ ನೋಡೋ ಪರೀಕ್ಷೆ) ಬೇಕಾ ಅಂತ ಕೇಳಿ. ಸೈನೋವಿಯಲ್ ಸಾರ್ಕೋಮಾ ಅನ್ನೋ ಒಂದು ಬಗೆಯ ಸಾರ್ಕೋಮಾ ಅನುಮಾನವಿದ್ದರೆ, ಅದರಲ್ಲಿ ಬದಲಾಗಿರೋ ಎಸ್‌ಎಸ್18 ಜೀನಿನ ಪರೀಕ್ಷೆಯನ್ನೂ ಕೇಳಿ. ನೀರಲ್ಲಿ ಕೋಶ ತೀರಾ ಕಡಿಮೆ ಇದ್ದರೆ ಬಯಾಪ್ಸಿನೇ (ಸಣ್ಣ ತುಂಡು ತೆಗೆದು ಪರೀಕ್ಷಿಸೋದು) ಬೇಕಾಗಬಹುದು.